ಮಳೆ ಬಂದ ದಿನದ ನಷ್ಟ ಯಾರ ಲೆಕ್ಕಕ್ಕೆ?

ವರಮಹಾಲಕ್ಷ್ಮಿ ಹಬ್ಬದ ಹಿಂದಿನ ದಿನ ಗಾಂಧಿ ಬಜಾರಿಗೆ ಹೋದವರಿಗೆ ಗೊತ್ತು, ಕನಕಾಂಬರದ ಬೆಲೆ ಕೇಳಿದರೆ ಎದೆ ಝಲ್ಲೆನ್ನುತ್ತದೆ. ಆ ದುಡ್ಡೆಲ್ಲ ಹೂವು ಮಾರುವ ಅಕ್ಕನಿಗೇ ಸೇರುತ್ತದೆ ಅಂದುಕೊಳ್ಳಬೇಡಿ. ಅವರೂ ನಸುಕಿನಲ್ಲೇ ಕೆ.ಆರ್. ಮಾರ್ಕೆಟ್ಟಿಗೆ ಹೋಗಿ ಏರಿದ ಬೆಲೆಗೇ ಹೂವು ತಂದಿರುತ್ತಾರೆ. ಅದಕ್ಕೆ ಕೈಸಾಲವೂ ಜಾಸ್ತಿ ಬೇಕು. ಹಬ್ಬ ಬರುವುದು ಮಳೆಗಾಲದ ನಡುವೆ. ಸಂಜೆ ನಾಲ್ಕಕ್ಕೆ ಮಳೆ ಹಿಡಿದರೆ ಗಿರಾಕಿಗಳಿಲ್ಲ. ಕಟ್ಟಿದ ಹೂವು ಮಾರನೇ ದಿನಕ್ಕೆ ಉಳಿಯುವುದಿಲ್ಲ. ಬಡ್ಡಿ ಮಾತ್ರ ಓಡುತ್ತಲೇ ಇರುತ್ತದೆ.

ಮಹಿಳಾ ಉದ್ಯಮಿಗಳಿಗೆ ಬೆಂಬಲ, ಹವಾಮಾನದ ಏಟು ತಡೆಯುವ ಶಕ್ತಿ, ಖಾಸಗಿ ಕಂಪನಿಗಳ ಸಹಭಾಗಿತ್ವ. ಈ ಮೂರನ್ನೂ ಈಗ ಒಟ್ಟಿಗೆ ಹೇಳುವುದು ರೂಢಿಯಾಗಿದೆ. ಬೆಂಗಳೂರಿನಲ್ಲಿ ಇವು ಒಂದೊಂದಾಗಿ ಬಂದು ಸೇರಿಕೊಂಡವು. ಹೇಗೆ ಬಂದವು ಅಂತ ನೋಡಿದರೆ, ಮೇಲಿನ ಅಕ್ಕನ ಕೈ ಇನ್ನೂ ಯಾಕೆ ಖಾಲಿ ಇದೆ ಅನ್ನುವುದೂ ಕಾಣುತ್ತದೆ.

ಮೊದಲು ಎದುರಾದದ್ದು ಸಾಲದ ಪ್ರಶ್ನೆ. ಬ್ಯಾಂಕು ಅಡಮಾನ ಕೇಳುತ್ತಿತ್ತು. ಮನೆ, ಜಮೀನಿನ ಪತ್ರ ಹೆಣ್ಣುಮಕ್ಕಳ ಹೆಸರಲ್ಲಿ ಇರುತ್ತಿದ್ದುದೇ ಅಪರೂಪ. 1983ರಲ್ಲಿ ಇಲ್ಲಿನ ಕೆಲವು ಮಹಿಳಾ ಉದ್ಯಮಿಗಳು ಸೇರಿ 'ಅವೇಕ್' ಅನ್ನುವ ಸಂಘ ಕಟ್ಟಿದರು. ಆಗಲೇ ಉದ್ಯಮ ನಡೆಸುತ್ತಿದ್ದವರು ಹೊಸದಾಗಿ ಶುರು ಮಾಡುವವರ ಕೈ ಹಿಡಿಯಬೇಕು ಅನ್ನುವುದು ಅದರ ಆಸೆ. ಅದೇ ದಶಕದಲ್ಲಿ ಬೆಂಗಳೂರಿನದೇ ಸಂಸ್ಥೆ ಮೈರಾಡ ಹಳ್ಳಿಗಳಲ್ಲಿ ಉಳಿತಾಯದ ಗುಂಪುಗಳನ್ನು ಬೆಳೆಸಿತು. ಇಂಥ ಪ್ರಯೋಗಗಳ ಬಲದ ಮೇಲೆ 1992ರಲ್ಲಿ ಕೃಷಿ ಮತ್ತು ಗ್ರಾಮೀಣ ಅಭಿವೃದ್ಧಿಯ ರಾಷ್ಟ್ರೀಯ ಬ್ಯಾಂಕ್ ಆದ ನಬಾರ್ಡ್ ಸ್ವಸಹಾಯ ಸಂಘಗಳಿಗೆ ಬ್ಯಾಂಕ್ ಸಾಲ ಕೊಡಿಸುವ ಯೋಜನೆ ಆರಂಭಿಸಿತು. ಮೊದಲು ಇಟ್ಟುಕೊಂಡ ಗುರಿ 500 ಸಂಘಗಳು.

ಸಾಲ ಸಿಕ್ಕರೆ ಸಾಕೇ? ಅದು ದುಡಿಮೆಯ ಲಯಕ್ಕೆ ಹೊಂದಬೇಕು. ಇದನ್ನು ಚೆನ್ನಾಗಿ ಅರಿತದ್ದು 1995ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಸೌರಶಕ್ತಿ ಕಂಪನಿ ಸೆಲ್ಕೋ. ಅದರ ಸಂಸ್ಥಾಪಕರಲ್ಲಿ ಒಬ್ಬರಾದ ಹರೀಶ್ ಹಂದೆ ಅವರಿಗೆ 2011ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಬೀದಿ ವ್ಯಾಪಾರ ಮಾಡುವ ಒಬ್ಬ ಹೆಣ್ಣುಮಗಳಿಂದ ಕಲಿತ ಪಾಠವನ್ನು ಅವರು ಹಲವು ಕಡೆ ಹೇಳಿದ್ದಾರೆ. ತಿಂಗಳಿಗೆ 300 ರೂಪಾಯಿ ಅಂದರೆ ಆಕೆಗೆ ದುಬಾರಿ. ದಿನಕ್ಕೆ 10 ರೂಪಾಯಿ ಅಂದರೆ ಆಗುತ್ತದೆ. ಲೆಕ್ಕದ ಪುಸ್ತಕದಲ್ಲಿ ಎರಡೂ ಒಂದೇ. ಆದರೆ ದಿನದ ಗಳಿಕೆಯಲ್ಲಿ ಬದುಕುವವರಿಗೆ ಎರಡೂ ಒಂದೇ ಅಲ್ಲ ಅಲ್ವಾ? ಸೆಲ್ಕೋ ತಾನೇ ಸಾಲ ಕೊಡಲು ಹೋಗಲಿಲ್ಲ. ಗ್ರಾಮೀಣ ಬ್ಯಾಂಕುಗಳಿಂದ ಕೊಡಿಸಿತು. ದೀಪ ಹಾಕಿಕೊಡುವುದು, ಕೆಟ್ಟರೆ ರಿಪೇರಿ ಮಾಡುವುದು ತನ್ನ ಕೆಲಸ ಅಂದಿತು. ದೀಪದಿಂದ ಶುರುವಾದದ್ದು ಮುಂದೆ ಸೋಲಾರ್ ಹೊಲಿಗೆ ಯಂತ್ರ, ರೊಟ್ಟಿ ಯಂತ್ರದ ತನಕ ಬಂತು. ಕರೆಂಟ್ ಹೋದರೂ ದುಡಿಮೆ ನಿಲ್ಲುವುದಿಲ್ಲ ಅನ್ನುವುದೇ ಇಲ್ಲಿ ದೊಡ್ಡ ಲಾಭ.

ನನ್ನ ಮಟ್ಟಿಗೆ ಈ ಕಥೆಯ ಮುಖ್ಯ ಭಾಗ ಇರುವುದು ಕಸದಲ್ಲಿ. ಚಿಂದಿ ಆಯುವವರಲ್ಲಿ ಹೆಣ್ಣುಮಕ್ಕಳು ತುಂಬಾ ಜನ. ದಶಕಗಳ ಕಾಲ ಅವರನ್ನು ಪೊಲೀಸರು ಓಡಿಸುತ್ತಿದ್ದರು, ಮನೆಯವರು ಅನುಮಾನದಿಂದ ನೋಡುತ್ತಿದ್ದರು. 2011ರಲ್ಲಿ ಆಗಿನ ಬಿಬಿಎಂಪಿ ಅವರಿಗೆ ಗುರುತಿನ ಚೀಟಿ ಕೊಟ್ಟಿತು. ಹಸಿರು ದಳ ಅನ್ನುವ ಸಂಘಟನೆ ಅದೇ ಹೊತ್ತಿಗೆ ರೂಪುಗೊಂಡಿತು. ಮರುವರ್ಷ ಮಾವಳ್ಳಿಪುರದ ಕಸದ ಗುಡ್ಡ ಮುಚ್ಚಿದಾಗ ಊರಿನ ಬೀದಿಗಳೇ ನಾರಿದವು. ಆಗ ಹಸಿ ಕಸ, ಒಣ ಕಸ ಬೇರೆ ಮಾಡುವುದು ಕಡ್ಡಾಯವಾಯಿತು. ವಾರ್ಡಿನ ಒಣ ತ್ಯಾಜ್ಯ ಸಂಗ್ರಹ ಕೇಂದ್ರಗಳನ್ನು ನಡೆಸುವ ಕೆಲಸ ಹಲವು ಕಡೆ ಚಿಂದಿ ಆಯ್ದವರ ಕೈಗೇ ಬಂತು. ನಿನ್ನೆ ಗೋಣಿಚೀಲ ಹೊತ್ತವರು ಇಂದು ಕೂಲಿಯವರಿಗೆ ಸಂಬಳ ಕೊಡುವ ಮಾಲೀಕರಾದರು. ಹಸಿ ಕಸ ಗುಡ್ಡೆ ಬಿದ್ದು ಕೊಳೆತರೆ ಭೂಮಿಯ ಬಿಸಿ ಏರಿಸುವ ಮೀಥೇನ್ ಅನಿಲ ಹೊರಡುತ್ತದೆ. ಅಲ್ಲಿಗೆ ಹೋಗುವ ಕಸ ಕಡಿಮೆ ಮಾಡುವ ಇವರು ಹವಾಮಾನದ ಕೆಲಸವನ್ನೂ ಮಾಡುತ್ತಿದ್ದಾರೆ. ಆ ಕೆಲಸಕ್ಕೆಂದು ಪ್ರತ್ಯೇಕ ಸಂಬಳ ಕೊಟ್ಟವರು ಕಡಿಮೆ.

ಕಂಪನಿಗಳು ಇಲ್ಲಿಗೆ ಎರಡು ಬಾಗಿಲಿಂದ ಬಂದವು. ಒಂದು ಕಾನೂನಿನ ಬಾಗಿಲು. 2014ರ ಏಪ್ರಿಲ್‌ನಿಂದ ದೊಡ್ಡ ಕಂಪನಿಗಳು ಹಿಂದಿನ ಮೂರು ವರ್ಷದ ಸರಾಸರಿ ಲಾಭದ ಶೇ. 2ರಷ್ಟನ್ನು ಸಾಮಾಜಿಕ ಕೆಲಸಕ್ಕೆ ಖರ್ಚು ಮಾಡಬೇಕಾಯಿತು. ಆ ದುಡ್ಡಿನಿಂದ ತರಬೇತಿಗಳು ನಡೆದವು, ಷೆಡ್ಡುಗಳು ಎದ್ದವು. ಒಳ್ಳೆಯದೇ.

ಇನ್ನೊಂದು ವ್ಯಾಪಾರದ ಬಾಗಿಲು. 2019ರಲ್ಲಿ ಸೌಂದರ್ಯವರ್ಧಕ ಮಾರುವ ಬ್ರಿಟನ್ ಮೂಲದ ಕಂಪನಿ 'ದಿ ಬಾಡಿ ಶಾಪ್' ಬೆಂಗಳೂರಿನ ಚಿಂದಿ ಆಯುವವರು ಕೂಡಿಸಿದ ಪ್ಲಾಸ್ಟಿಕ್ಕನ್ನು ನ್ಯಾಯವಾದ ಬೆಲೆಗೆ ಕೊಳ್ಳಲು ಮುಂದೆ ಬಂತು. ಮರುಬಳಕೆಯ ಪ್ಲಾಸ್ಟಿಕ್ ಪೂರೈಸುವ 'ಪ್ಲಾಸ್ಟಿಕ್ಸ್ ಫಾರ್ ಚೇಂಜ್' ಸಂಸ್ಥೆ, ಹಸಿರು ದಳ ಜೊತೆಗಿದ್ದವು. ಮೊದಲ ವರ್ಷದ ಗುರಿ 250 ಟನ್. ಇದು ಯಾಕೆ ಮುಖ್ಯ ಅಂದರೆ, ಕಚ್ಚಾ ತೈಲ ಅಗ್ಗವಾದಾಗ ಹೊಸ ಪ್ಲಾಸ್ಟಿಕ್ಕೂ ಅಗ್ಗವಾಗುತ್ತದೆ, ಗುಜರಿ ಬೆಲೆ ಕುಸಿಯುತ್ತದೆ. ಬೆಲೆ ಮೊದಲೇ ಮಾತಾಗಿದ್ದರೆ ಆ ಏಟು ಪೂರ್ತಿ ಆಯುವವರ ಮೇಲೇ ಬೀಳುವುದಿಲ್ಲ. ಆದರೆ 2024ರ ಫೆಬ್ರುವರಿಯಲ್ಲಿ ಆ ಕಂಪನಿಯ ಬ್ರಿಟನ್ ಘಟಕವೇ ದಿವಾಳಿಯ ಅಂಚಿಗೆ ಬಂತು. ದೂರದ ಒಬ್ಬ ದೊಡ್ಡ ಗಿರಾಕಿಯನ್ನು ನೆಚ್ಚಿ ಕೂರುವಂತಿಲ್ಲ. ಅಂಥ ಹತ್ತು ಗಿರಾಕಿಗಳು ಬೇಕು, ಊರಲ್ಲೇ ಇರುವವರು ಬೇಕು.

ಇಷ್ಟರಲ್ಲಿ ಹವೆಯೂ ಬದಲಾಯಿತು. 2022ರ ಸೆಪ್ಟೆಂಬರ್ 5ರ ಬೆಳಗಿನ ಹೊತ್ತಿಗೆ ಒಂದೇ ದಿನದಲ್ಲಿ 131.6 ಮಿ.ಮೀ. ಮಳೆ ಬಿದ್ದಿತ್ತು. ಐಟಿ ಕಂಪನಿಗಳ ನಷ್ಟ ಸುದ್ದಿಯಾಯಿತು. ಚಿಂದಿ ಆಯುವವರು ಕೂಡಿಸಿದ ರಟ್ಟು ನೆನೆದರೆ ಅದಕ್ಕೆ ಬೆಲೆ ಇಲ್ಲ, ಅದರ ಲೆಕ್ಕ ಯಾರೂ ಇಡಲಿಲ್ಲ. 2024ರ ಬೇಸಿಗೆಯಲ್ಲಿ ಸಾವಿರಾರು ಕೊಳವೆಬಾವಿಗಳು ಬತ್ತಿದವು. ಅದರ ಹಿಂದಿನ ನವೆಂಬರ್‌ನಲ್ಲಷ್ಟೇ ನಗರದ ಹವಾಮಾನ ಕ್ರಿಯಾ ಯೋಜನೆ ಹೊರಬಂದಿತ್ತು. 2050ಕ್ಕೆ ನಿವ್ವಳ ಶೂನ್ಯ ಹೊರಸೂಸುವಿಕೆ, ಅಂದರೆ ಬಿಸಿ ಏರಿಸುವ ಅನಿಲ ಹೊರಬಿಟ್ಟಷ್ಟನ್ನೂ ಹೀರಿಕೊಳ್ಳುವಂತೆ ಮಾಡುವುದು, ಅದರ ಗುರಿ. ಹೂವಿನ ಅಕ್ಕನಿಗೆ ಬೇಕಾದದ್ದು ನಾಳೆಯ ಬಂಡವಾಳ.

ಅದಕ್ಕೆ ಒಂದು ದಾರಿ ಗುಜರಾತಿನಿಂದ ಕಾಣುತ್ತಿದೆ. 1972ರಲ್ಲಿ ಅಹಮದಾಬಾದಿನಲ್ಲಿ ಹುಟ್ಟಿದ, ಸ್ವಂತ ದುಡಿಮೆಯ ಬಡ ಮಹಿಳೆಯರ 'ಸೇವಾ' ಸಂಘ 2023ರಿಂದ ತನ್ನ ಸದಸ್ಯೆಯರಿಗೆ ಬಿಸಿಲಿನ ವಿಮೆ ಮಾಡಿಸುತ್ತಿದೆ. ನಷ್ಟ ಆಯಿತು ಅಂತ ಸಾಬೀತು ಮಾಡಬೇಕಿಲ್ಲ. ಉಷ್ಣಾಂಶ ಗೊತ್ತಾದ ಮಟ್ಟ ದಾಟಿದರೆ ಹಣ ಖಾತೆಗೆ ಬೀಳುತ್ತದೆ. 2024ರಲ್ಲಿ ಮೂರು ರಾಜ್ಯಗಳ ಸುಮಾರು 50,000 ಮಹಿಳೆಯರು ಇದರಲ್ಲಿದ್ದರು. 46,000ಕ್ಕೂ ಹೆಚ್ಚು ಜನರಿಗೆ ಹಣ ಬಂತು.

ಅದನ್ನೇ ಸುಮ್ನೆ ತಂದು ಇಲ್ಲಿ ಇಟ್ಟರೆ ನಡೆಯುವುದಿಲ್ಲ. ಬೆಂಗಳೂರಿನ ದಾಖಲೆಯ ಬಿಸಿಲೇ 39.2 ಡಿಗ್ರಿ, 2016ರ ಏಪ್ರಿಲ್‌ನಲ್ಲಿ. ಅಲ್ಲಿನ 40 ಡಿಗ್ರಿಯ ಗೆರೆ ಇಟ್ಟರೆ ಇಲ್ಲಿ ಯಾರಿಗೂ ಕಾಸು ಸಿಗದು. ನಮ್ಮ ಗೆರೆ ಮಳೆಯದಾಗಬೇಕು. ಮಧ್ಯಾಹ್ನದಿಂದ ರಾತ್ರಿಯ ತನಕ ನಿಮ್ಮ ಬಡಾವಣೆಯಲ್ಲಿ ಎಷ್ಟು ಮಿ.ಮೀ. ಬಿತ್ತು ಅನ್ನುವುದೇ ಲೆಕ್ಕ. ಅದನ್ನು ಅಳೆಯುವ ಯಂತ್ರಗಳು ಊರಲ್ಲಿ ಆಗಲೇ ಇವೆ. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ನಗರದ ಉದ್ದಗಲಕ್ಕೂ ಮಳೆಮಾಪಕ ಇಟ್ಟು ಯಲಹಂಕದಲ್ಲಿ ಕೂತು ಗಮನಿಸುತ್ತದೆ. ವಿಮಾ ಕಂಪನಿಗಳ ಕಚೇರಿಗಳೂ ಇಲ್ಲಿವೆ, ತಂತ್ರಾಂಶ ಬರೆಯುವವರೂ ಇಲ್ಲಿದ್ದಾರೆ. ಕಂತನ್ನು ದಿನಕ್ಕಿಷ್ಟು ಅಂತ ಕಟ್ಟಿಸಿಕೊಳ್ಳಬೇಕು. ಮೊದಲ ಕೆಲವು ವರ್ಷ ಅದರಲ್ಲಿ ಅರ್ಧ ಪಾಲನ್ನು ಕಂಪನಿಗಳು ಸಾಮಾಜಿಕ ಕೆಲಸದ ಆ ಶೇ. 2ರಿಂದ ಹಾಕಲಿ. ದುಡ್ಡು ಮಳೆ ಬಂದ ರಾತ್ರಿಯೇ ಖಾತೆಗೆ ಬೀಳಬೇಕು. ಬೆಳಗಿನ ಜಾವ ಹೂವಿನ ಅಕ್ಕ ಮತ್ತೆ ಮಾರ್ಕೆಟ್ಟಿಗೆ ಹೊರಡುವ ಮುಂಚೆ.