ಮೊದಲ ಕಂಪನ ತಡೆದ ಮರದ ಮನೆ, ಎರಡನೆಯದನ್ನೂ ತಡೆಯುತ್ತದಾ?

ಪ್ರಶ್ನೆ: ಮರದ ಮನೆ ಹಗುರ, ಭೂಕಂಪಕ್ಕೆ ಒಳ್ಳೆಯದು ಅಂತಾರೆ. ದೊಡ್ಡ ಕಂಪನಕ್ಕೇ ಬೀಳದ ಮನೆ, ಆಮೇಲಿನ ಸಣ್ಣ ಕಂಪನಗಳಿಗೆ ಬೀಳುತ್ತದೆಯೇ?

ಉತ್ತರ: ಬೀಳಬಹುದು. ಆಮೇಲೆ ಬರುವುದು ಸಣ್ಣದೇ ಅನ್ನುವ ಖಾತ್ರಿಯೂ ಇಲ್ಲ.

ಜಪಾನಿನ ಕುಮಾಮೊಟೊ ನೋಡಿ. 2016ರ ಏಪ್ರಿಲ್ 14ರ ರಾತ್ರಿ 6.5 ತೀವ್ರತೆಯ ಭೂಕಂಪ ಆಯಿತು. ಇದೇ ದೊಡ್ಡದು, ಇನ್ನು ಬರುವುದೆಲ್ಲ ಸಣ್ಣದು ಅಂದುಕೊಂಡು ಕೆಲವರು ಮನೆಗೆ ವಾಪಸ್ ಹೋಗಿ ಮಲಗಿದರು. 28 ಗಂಟೆ ಕಳೆದು, ನಡುರಾತ್ರಿ 1.25ಕ್ಕೆ, 7.3 ತೀವ್ರತೆಯದು ಬಂತು. ಮಲಗಿದ್ದವರ ಮೇಲೇ ಮನೆ ಕುಸಿಯಿತು. ಇದನ್ನು ಬರೆಯುವಾಗಲೂ ಸಂಕಟ ಆಗುತ್ತದೆ. ಅಲ್ಲಿನ ಹವಾಮಾನ ಸಂಸ್ಥೆ ಈಗ, ದೊಡ್ಡ ಕಂಪನ ಆದ ಮೇಲೆ ಸುಮಾರು ಒಂದು ವಾರ ಅಷ್ಟೇ ಜೋರಿನದು ಬರಬಹುದು ಎಂದೇ ಎಚ್ಚರಿಸುತ್ತದೆ.

ಮೊದಲ ಸಲ ನಿಂತ ಮನೆಗೆ ಏನಾಗಿರುತ್ತದೆ? ಹಳೇ ಮರದ ಮಂಚ ನೆನಪಿಸಿಕೊಳ್ಳಿ. ಕಾಲು, ಪಟ್ಟಿ ಎಲ್ಲ ಗಟ್ಟಿ ಇರುತ್ತದೆ, ಕೂಡಿಸಿದ ಜಾಗ ಮಾತ್ರ ಸಡಿಲ. ಕೂತರೆ ಸಾಕು, ಕಿರ್ ಅಂತ ಓಲಾಡುತ್ತದೆ. ಮನೆಯೂ ಹಾಗೇ. ಅಲುಗಾಡಿದಾಗ ಗೋಡೆಯ ಪ್ಲೈವುಡ್‌ಗೆ ಹೊಡೆದ ಮೊಳೆ ಅತ್ತಿತ್ತ ಬಾಗಿ ತನ್ನ ತೂತನ್ನೇ ಅಗಲ ಮಾಡಿಕೊಳ್ಳುತ್ತದೆ. ಕಂಬದ ಬುಡ ಅಡಿಪಾಯದ ತೊಲೆಯಿಂದ ಸ್ವಲ್ಪ ಕಿತ್ತು ಬರುತ್ತದೆ. ಹೊರಗಿನಿಂದ ಏನೂ ಕಾಣದೇ ಇರಬಹುದು. ಆದರೆ ಮುಂದಿನ ಸಲ ಅಷ್ಟೇ ಜೋರಿನ ಕಂಪನಕ್ಕೆ ಮನೆ ಮೊದಲಿಗಿಂತ ಜಾಸ್ತಿ ವಾಲುತ್ತದೆ.

ಮರ ಹಗುರ, ನಿಜ. ಮೇಲಿನ ಭಾರ? 1995ರಲ್ಲಿ ಜಪಾನಿನ ಕೋಬೆಯ ಭೂಕಂಪಕ್ಕೆ ಬಿದ್ದ ಎಷ್ಟೋ ಹಳೇ ಮನೆಗಳ ಮೇಲೆ ಮಣ್ಣು ಮೆತ್ತಿ ಕೂರಿಸಿದ ಭಾರದ ಹೆಂಚಿತ್ತು.

ಕಟ್ಟಿದ ವರ್ಷವೂ ಬಹಳ ಮುಖ್ಯ. ಕುಮಾಮೊಟೊದ ಮಾಶಿಕಿ ಊರಿನ ನಡುಭಾಗದಲ್ಲಿ ಸುಮಾರು 2000 ಮರದ ಕಟ್ಟಡ ಪರೀಕ್ಷಿಸಿದರು. 1981ಕ್ಕಿಂತ ಹಿಂದಿನವುಗಳಲ್ಲಿ ಶೇ 28ರಷ್ಟು ಕುಸಿದಿದ್ದವು. 1981ರಲ್ಲಿ ಬಂದ ಭೂಕಂಪ ತಡೆಯುವ ಹೊಸ ಕಟ್ಟಡ ನಿಯಮದ ಪ್ರಕಾರ, 2000ಕ್ಕೆ ಮೊದಲು ಕಟ್ಟಿದವುಗಳಲ್ಲಿ ಶೇ 9ರ ಹತ್ತಿರ. ಸಂದುಗಳಿಗೆ ಲೋಹದ ಪಟ್ಟಿ ಹೇಗೆ ಹಾಕಬೇಕು, ಗೋಡೆಗಳನ್ನು ಹೇಗೆ ಹಂಚಬೇಕು ಎಂದು 2000ದಲ್ಲಿ ನಿಯಮ ಖಚಿತವಾಯಿತು. ಅದರ ನಂತರದವುಗಳಲ್ಲಿ ಶೇ 2ರಷ್ಟೇ. ಸಂದು ಗಟ್ಟಿ ಮಾಡಿದ್ದೂ ಈ ವ್ಯತ್ಯಾಸಕ್ಕೆ ಒಂದು ದೊಡ್ಡ ಕಾರಣ.

ಹಾಗಾದರೆ ಒಳಗೆ ಹೋಗುವುದು ಯಾವಾಗ? ಜಪಾನಿನಲ್ಲಿ ತರಬೇತಿ ಪಡೆದವರು ಮನೆ ನೋಡಿ ಕೆಂಪು, ಹಳದಿ, ಹಸಿರು ಚೀಟಿ ಅಂಟಿಸುತ್ತಾರೆ. ಕೆಂಪು ಅಂದರೆ ಒಳಗೆ ಹೋಗಬೇಡಿ. ಅವರು ಬರುವ ಮೊದಲು ನೀವೇ ಹೊರಗೆ ನಿಂತು ನೋಡಿ. ಕಂಬ ವಾಲಿದೆಯಾ, ಅಡಿಪಾಯ ಬಿರಿದಿದೆಯಾ, ನಿನ್ನೆವರೆಗೆ ಸರಾಗವಾಗಿ ಮುಚ್ಚುತ್ತಿದ್ದ ಮುಂಬಾಗಿಲು ಇವತ್ತು ಚೌಕಟ್ಟಿಗೆ ಹಿಡಿಯುತ್ತಿದೆಯಾ. ಇವುಗಳಲ್ಲಿ ಒಂದು ಕಂಡರೂ ಆ ರಾತ್ರಿ ಅಲ್ಲಿ ಮಲಗಬೇಡಿ.