ಮೂಡಿಗೆರೆಯ ಕಣ, ನ್ಯೂಯಾರ್ಕಿನ ದರ

ಜನವರಿ ಸಂಜೆ ಮೂಡಿಗೆರೆ, ಸಕಲೇಶಪುರ ಕಡೆ ಯಾವ ಕಣಕ್ಕೆ ಹೋದರೂ ಒಂದೇ ಕೆಲಸ. ಹರಡಿದ ಚೆರ್ರಿ ಕಾಫಿಯನ್ನು, ಅಂದರೆ ಸಿಪ್ಪೆಸಮೇತ ಒಣಗಿಸುವ ಹಣ್ಣನ್ನು, ಗುಡ್ಡೆ ಮಾಡಿ, ಇಬ್ಬನಿ ಬೀಳುವ ಮೊದಲು ಟಾರ್ಪಾಲ್ ಹೊದಿಸಬೇಕು. ಒಣಗಿದೆಯಾ ಅಂತ ನೋಡಲು ಒಂದು ಹಿಡಿ ತೆಗೆದು ಕಿವಿ ಹತ್ತಿರ ಅಲ್ಲಾಡಿಸುತ್ತಾರೆ. ಗಲಗಲ ಅಂದರೆ ಆಯ್ತು. ಸದ್ದು ಮಂದವಾದರೆ ಇನ್ನೆರಡು ಬಿಸಿಲು ಬೇಕು. ಅಷ್ಟು ಮುಗಿಸಿ ಕೈ ತೊಳೆದ ಬೆಳೆಗಾರ ಮೊದಲು ನೋಡುವುದು ಮೊಬೈಲು. ಕಾಫಿಯ ಎರಡು ಜಾತಿಯಲ್ಲಿ ಅರೇಬಿಕಾಕ್ಕೆ ನ್ಯೂಯಾರ್ಕ್ ವಾಯಿದಾ ಪೇಟೆಯ ದರ, ರೋಬಸ್ಟಾಕ್ಕೆ ಲಂಡನ್ ಪೇಟೆಯ ದರ. ಅದನ್ನು ನೋಡಿಕೊಂಡೇ ಇಲ್ಲಿನ ವ್ಯಾಪಾರಿ ಮಾರನೇ ದಿನ 50 ಕೆಜಿ ಮೂಟೆಗೆ ಬೆಲೆ ಹೇಳುತ್ತಾನೆ.

ಜಾಗತೀಕರಣ ಅಂದರೆ 1991ರ ನಂತರದ ಮಾತು ಅಂತ ನಾವು ಸುಮ್ನೆ ಅಂದುಕೊಂಡಿದ್ದೇವೆ. ಕಾಫಿ ಸೀಮೆಯ ಮಟ್ಟಿಗೆ ಅದು ಬಹಳ ಹಳೆಯದು. ಬಾಬಾಬುಡನ್ 17ನೇ ಶತಮಾನದಲ್ಲಿ ಯೆಮೆನ್‌ನಿಂದ ಏಳು ಬೀಜ ತಂದು ಚಂದ್ರದ್ರೋಣ ಬೆಟ್ಟದಲ್ಲಿ ಬಿತ್ತಿದರು ಎನ್ನುತ್ತದೆ ಐತಿಹ್ಯ. 19ನೇ ಶತಮಾನದಲ್ಲಿ ಬ್ರಿಟಿಷ್ ಪ್ಲಾಂಟರ್‌ಗಳು ಬಂದರು, ಕಾಫಿ ಹಡಗು ಹತ್ತಿತು. ರಾಗಿ, ಭತ್ತದ ಹಾಗೆ ಮನೆಗೆ ಉಳಿಸಿಕೊಳ್ಳುವ ಬೆಳೆ ಇದಲ್ಲ.

ನಮ್ಮ ಹಿರಿಯರು ಈಗಲೂ ನೆನೆಯುವ 'ಪೂಲ್' ಕೂಡ ಹೊರಗಿನ ಪೆಟ್ಟಿನಿಂದಲೇ ಹುಟ್ಟಿದ್ದು. ಎರಡನೇ ಮಹಾಯುದ್ಧ ಯುರೋಪಿನ ಮಾರುಕಟ್ಟೆಯನ್ನು ಮುಚ್ಚಿತು. ಕಾಫಿ ಕೊಳ್ಳುವವರಿಲ್ಲದೆ ಕೂತಾಗ ಸರ್ಕಾರ ನಡುವೆ ಬಂತು. 1942ರ ಕಾಯ್ದೆಯೊಂದಿಗೆ ಪೂಲ್ ವ್ಯವಸ್ಥೆ ಗಟ್ಟಿಯಾಯಿತು. ಮನೆಬಳಕೆಗೆ, ಬಿತ್ತನೆಗೆ ಬೇಕಾದಷ್ಟು ಬಿಟ್ಟು ಉಳಿದ ಕಾಫಿಯೆಲ್ಲ ಕಾಫಿ ಬೋರ್ಡಿಗೆ ಸೇರಬೇಕು. ಸಿಪ್ಪೆ ತೆಗೆದು ಬೀಜ ಹಸನು ಮಾಡುವ ಕ್ಯೂರಿಂಗ್ ವರ್ಕ್ಸ್‌ನಲ್ಲಿ ಗುಣಮಟ್ಟ ನೋಡಿ ಪಾಯಿಂಟ್ ಹಾಕುತ್ತಿದ್ದರು, ಹಣ ಆ ಪಾಯಿಂಟ್ ಪ್ರಕಾರ. ಮೊದಲು ಮುಂಗಡ, ಆಮೇಲೆ ಕಂತು ಕಂತಾಗಿ ಹಣ. ಒಂದು ವರ್ಷದ ಬೆಳೆಯ ಕೊನೆಯ ಕಂತು ಕೈಸೇರುವಾಗ ಮುಂದಿನ ಬೆಳೆ ಕಣದಲ್ಲಿರುತ್ತಿತ್ತು. ಇದರ ಬಗ್ಗೆ ಬೆಳೆಗಾರರಿಗೆ ಸಿಟ್ಟಿತ್ತು, ಅದು ನ್ಯಾಯವಾದದ್ದೇ. ತಾನು ಬೆಳೆದದ್ದನ್ನು ತಾನೇ ಮಾರುವ ಹಾಗಿರಲಿಲ್ಲ. ಆದರೆ ಒಂದು ಗುಣವನ್ನೂ ಹೇಳಬೇಕು. ಬೆಲೆ ಏರಿದರೂ ಇಳಿದರೂ ಆ ಹೊಡೆತ ಎಲ್ಲರಿಗೂ ಹಂಚಿಹೋಗುತ್ತಿತ್ತು. ಎರಡೆಕರೆಯವನು ಒಬ್ಬನೇ ಬೀಳುತ್ತಿರಲಿಲ್ಲ.

ಪೂಲ್ ಎಂಬ ಈ ಗೋಡೆ ಬಿದ್ದದ್ದು 1989ರಿಂದ ಏಳೇ ವರ್ಷದಲ್ಲಿ. ದೇಶಗಳಿಗೆ ರಫ್ತು ಕೋಟಾ ಹಂಚುತ್ತಿದ್ದ ಅಂತರರಾಷ್ಟ್ರೀಯ ಕಾಫಿ ಒಪ್ಪಂದ 1989ರ ಜುಲೈನಲ್ಲಿ ಕುಸಿಯಿತು. 1991ರಲ್ಲಿ ನಮ್ಮ ದೊಡ್ಡ ಗಿರಾಕಿ ಸೋವಿಯತ್ ಒಕ್ಕೂಟವೇ ಇಲ್ಲವಾಯಿತು. ನಂತರದ ವರ್ಷಗಳಲ್ಲಿ ಪೂಲ್ ಹಂತಹಂತವಾಗಿ ಸಡಿಲವಾಗಿ, 1996ಕ್ಕೆ ಪೂರ್ತಿ ಮುಗಿಯಿತು. ಆಗ ಅದೃಷ್ಟವೂ ಕೂಡಿಬಂತು. 1994ರಲ್ಲಿ ಬ್ರೆಜಿಲ್‌ನಲ್ಲಿ ಇಬ್ಬನಿ ಹೆಪ್ಪುಗಟ್ಟಿ ಗಿಡ ಸುಟ್ಟು ಬೆಲೆ ಜಿಗಿದಿತ್ತು. 1997ರಲ್ಲಿ ನ್ಯೂಯಾರ್ಕ್ ದರ ಪೌಂಡಿಗೆ (ಸುಮಾರು 450 ಗ್ರಾಂ) ಮೂರು ಡಾಲರ್ ದಾಟಿತು. ಕಾಫಿ ಸೀಮೆಯಲ್ಲಿ ಹೊಸ ಜೀಪು ಬಂದವು, ಹಂಚಿನ ಮನೆ ಹೋಗಿ ತಾರಸಿ ಮನೆ ಬಂದವು. ಆ ದುಡ್ಡನ್ನು ನಂಬಿ ಸಾಲ ಮಾಡಿದವರೂ ಇದ್ದರು.

ಆಗಲೇ ವಿಯೆಟ್ನಾಂ ಗುಡ್ಡಗಳ ತುಂಬ ರೋಬಸ್ಟಾ ನೆಡುತ್ತಿತ್ತು. 2000ದ ಹೊತ್ತಿಗೆ ಅದು ಬ್ರೆಜಿಲ್ ನಂತರದ ಸ್ಥಾನಕ್ಕೆ ಬಂತು. 2001ರಲ್ಲಿ ನ್ಯೂಯಾರ್ಕ್ ದರ ಅರ್ಧ ಡಾಲರಿಗಿಂತ ಕೆಳಗಿಳಿಯಿತು. ಕೊಯ್ಲಿನ ಕೂಲಿಯೂ ಹುಟ್ಟದ ವರ್ಷಗಳವು. ಬಾಗಿಲಿಗೆ ನೋಟಿಸ್ ಬಂದ ಮನೆಗಳು, ತೋಟ ಮಾರಿ ಬೆಂಗಳೂರು ಸೇರಿದ ಹುಡುಗರು, ಇದೆಲ್ಲ ನಮ್ಮ ಕಡೆ ಪ್ರತಿ ಊರಲ್ಲೂ ಇರುವ ಕತೆ.

ಸಾಲದ ಕತೆ ಎಲ್ಲರೂ ಹೇಳುತ್ತಾರೆ. ಮರಗಳ ಕತೆ ಹೇಳುವವರು ಕಡಿಮೆ.

ನಮ್ಮ ಕಾಫಿ ಕಾಡಿನ ನೆರಳಿನಲ್ಲಿ ಬೆಳೆದದ್ದು. ಅತ್ತಿ, ಬಸುರಿ, ಹಲಸು, ನಂದಿ, ಮತ್ತಿ, ಹೊನ್ನೆ. ಒಂದು ಹಳೇ ಅತ್ತಿ ಮರ ಹಣ್ಣು ಬಿಟ್ಟಾಗ ಕೆಳಗೆ ನಿಂತು ನೋಡಿ. ಹಗಲೆಲ್ಲ ಮಂಗಟ್ಟೆ, ಕುಟ್ರು ಹಕ್ಕಿಗಳ ಗದ್ದಲ, ರಾತ್ರಿ ಬಾವಲಿ. ಉದುರಿದ ತರಗೆಲೆ ಮಣ್ಣನ್ನು ಮಳೆಗಾಲದಲ್ಲಿ ಹಿಡಿದಿಡುತ್ತದೆ. ಆದರೆ ಬೆಲೆ ಬಿದ್ದಾಗ ಅತ್ತಿ ಮರ ಮಗಳ ಫೀಸು ಕಟ್ಟುವುದಿಲ್ಲ. ಸಿಲ್ವರ್ ಓಕ್ ಕಟ್ಟುತ್ತದೆ. ಅದು ಆಸ್ಟ್ರೇಲಿಯಾದ ಮರ, ಬೇಗ ಬೆಳೆಯುತ್ತದೆ, ನೆಟ್ಟಗಿರುತ್ತದೆ, ಮೆಣಸಿನ ಬಳ್ಳಿ ಹಬ್ಬಿಸಲು ಸಲೀಸು. ಕಡಿಯಲು ಅರಣ್ಯ ಇಲಾಖೆಯ ಅನುಮತಿಯ ತಾಪತ್ರಯವೂ ಇಲ್ಲ. ಹಾಗಾಗಿ ಕಾಡುಮರ ಒಂದೊಂದಾಗಿ ಹೋಗಿ ಸಿಲ್ವರ್ ಓಕ್ ಸಾಲು ಸಾಲಾಗಿ ನಿಂತಿತು. ಇದನ್ನು ಬೆಳೆಗಾರನ ದುರಾಸೆ ಅಂತ ಕರೆಯುವುದು ತಪ್ಪು. ಅದು ಅವನ ವಿಮೆಯಾಗಿತ್ತು.

ಬೆಳೆಯೂ ಬದಲಾಯಿತು. ಕಾಂಡಕೊರಕ ಹುಳದ ಕಾಟಕ್ಕೆ, ಜಾಸ್ತಿ ಖರ್ಚಿಗೆ ಹೆದರಿ ಎಷ್ಟೋ ಜನ ಅರೇಬಿಕಾ ತೆಗೆದು ರೋಬಸ್ಟಾ ಹಾಕಿದರು. ಇವತ್ತು ದೇಶದ ಕಾಫಿಯಲ್ಲಿ ಸುಮಾರು 70 ಭಾಗ ರೋಬಸ್ಟಾ. ಅದಕ್ಕೆ ಫೆಬ್ರವರಿ, ಮಾರ್ಚ್‌ನಲ್ಲಿ ಹೂಮಳೆ ಬೇಕೇ ಬೇಕು. ಮಳೆ ಕೈಕೊಟ್ಟರೆ ಸ್ಪ್ರಿಂಕ್ಲರ್. ಹೇಮಾವತಿ, ಭದ್ರಾ ಸೇರುವ ಹಳ್ಳಗಳು ಬತ್ತುವ ಹೊತ್ತಿನಲ್ಲೇ ಪಂಪುಗಳು ಶುರುವಾಗುತ್ತವೆ. ಇನ್ನು ಕಣದಲ್ಲಿ ಹಣ್ಣಿರುವಾಗ ಬೀಳುವ ಅಕಾಲ ಮಳೆ ಬೇರೆ. 2021ರ ಜನವರಿಯಲ್ಲಿ ಟಾರ್ಪಾಲ್ ಸಾಲದೆ ಬೀಜ ಕಪ್ಪಾದದ್ದನ್ನು ಮರೆಯಲು ಆಗಲ್ಲ.

ಆಮೇಲೆ ಬೆಲೆ ಮತ್ತೆ ಮೇಲೇರಿತು. ಬ್ರೆಜಿಲ್, ವಿಯೆಟ್ನಾಂ ಎರಡೂ ಕಡೆ ಬರ ಬಂದು, 2025ರ ಫೆಬ್ರವರಿಯಲ್ಲಿ ನ್ಯೂಯಾರ್ಕ್ ದರ ನಾಲ್ಕು ಡಾಲರ್ ದಾಟಿತು. ಇಲ್ಲಿ ಅರೇಬಿಕಾ ಪಾರ್ಚ್‌ಮೆಂಟ್ (ಹಣ್ಣಿನ ತಿರುಳು ತೆಗೆದು ಒಣಗಿಸಿದ ಕಾಫಿ) ಮೂಟೆ 25,000 ರೂಪಾಯಿ ಮೀರಿತು. ಅವರ ಕಷ್ಟ ನಮ್ಮ ಲಾಭವಾಗಿ ಬರುತ್ತದೆ, ನಮ್ಮದು ಇನ್ಯಾರಿಗೋ. ಅಸ್ಸಾಂನಿಂದ ಬಂದು ತೋಟದ ಲೈನ್ ಮನೆಯಲ್ಲಿ (ಕೂಲಿಯವರ ಸಾಲುಮನೆ) ಇದ್ದು ಹಣ್ಣು ಕೊಯ್ಯುವವರ ಕೂಲಿಯಂತೂ ಈ ದರದ ಜೊತೆ ಓಡಲಿಲ್ಲ.

ಹೊಸದಾಗಿ ಬಂದಿರುವುದು ಯುರೋಪಿನ ಅರಣ್ಯನಾಶ ತಡೆ ನಿಯಮ. 2023ರಲ್ಲಿ ಮಾಡಿದ್ದು, ಜಾರಿ ದಿನ ಮುಂದಕ್ಕೆ ಹೋಗುತ್ತಿದೆ. 2020ರ ಡಿಸೆಂಬರ್ 31ರ ನಂತರ ಕಾಡು ಕಡಿದ ಜಾಗದ ಕಾಫಿ ಅಲ್ಲಿಗೆ ಹೋಗುವಂತಿಲ್ಲ, ತೋಟ ಎಲ್ಲಿದೆ ಎಂದು ನಕ್ಷೆಯಲ್ಲಿ ತೋರಿಸಬೇಕು. ನಮ್ಮ ಕಾಫಿಯ ದೊಡ್ಡ ಗಿರಾಕಿ ಇಟಲಿ, ಹಾಗಾಗಿ ತಪ್ಪಿಸಿಕೊಳ್ಳುವ ಹಾಗಿಲ್ಲ. ಉದ್ದೇಶ ಒಳ್ಳೆಯದೇ. ಆದರೆ ಅಜ್ಜನ ಹೆಸರಲ್ಲೇ ಇರುವ ಪಹಣಿ, ಪೋಡಿಯಾಗದ, ಅಂದರೆ ಅಳೆದು ಪಾಲು ಬೇರ್ಪಡಿಸದ ಜಂಟಿ ಜಮೀನು ಇಟ್ಟುಕೊಂಡ ಸಣ್ಣ ಬೆಳೆಗಾರ ಏನು ಮಾಡಬೇಕು? ಇನ್ನೂ ಒಂದು ಮಾತಿದೆ. ಆ ನಿಯಮ ಕೇಳುವುದು ಕಾಡು ಕಡಿದಿದ್ದೀಯಾ ಅಂತ. ನೆರಳು ಉಳಿಸಿದ್ದೀಯಾ ಅಂತಲ್ಲ. ಅತ್ತಿ ಉಳಿಸಿಕೊಂಡವನ ಮೂಟೆಗೂ ಬರೀ ಸಿಲ್ವರ್ ಓಕ್ ಇರುವವನ ಮೂಟೆಗೂ ಮಂಡಿಯಲ್ಲಿ ಒಂದೇ ದರ.

ಮೊನ್ನೆ ನಮ್ಮ ಪಕ್ಕದ ತೋಟದವರ ಜೊತೆ ಮೊಬೈಲ್ ಹಿಡಿದು ಬೇಲಿಗುಂಟ ನಡೆದೆ. ಒಂದೊಂದು ಮೂಲೆಯಲ್ಲಿ ನಿಂತು ಜಾಗ ಗುರುತು ಮಾಡಬೇಕಿತ್ತು. ಮೂರನೇ ಮೂಲೆಯಲ್ಲಿ ಅವರ ಅಜ್ಜನ ಕಾಲದ ಬಸುರಿ ಮರ. ಅದರ ದಟ್ಟ ನೆರಳಿಗೆ ಸಿಗ್ನಲ್ ಸಿಗಲಿಲ್ಲ. ಹತ್ತು ಹೆಜ್ಜೆ ಆಚೆ ಸರಿದು, ಬಿಸಿಲಿನಲ್ಲಿ ನಿಂತು ಗುರುತು ಹಾಕಿದೆವು.