ವರದಿಯಲ್ಲಿರುವ ‘ಎಚ್’ ಯಾರ ವಯಸ್ಸಿನದು?

ಜೂನ್‌ನಲ್ಲಿ ಶಾಲೆ, ಅಂಗನವಾಡಿ ತೆರೆದು ಹದಿನೈದು ದಿನ ಆಗುವುದರೊಳಗೆ ಕಾರವಾರದಿಂದ ಭಟ್ಕಳದವರೆಗೆ ಮಕ್ಕಳ ವೈದ್ಯರ ಬಾಗಿಲಲ್ಲಿ ಒಂದೇ ನೋಟ. ಮೂಗು ಸುರಿಯುವ ಮಗು, ಅದನ್ನು ಸೊಂಟಕ್ಕೇರಿಸಿಕೊಂಡ ತಾಯಿ, ತಂದೆಯ ಕೈಯಲ್ಲಿ ನಾಲ್ಕಾಗಿ ಮಡಚಿದ ರಕ್ತದ ವರದಿ. ಬಿಳಿ ರಕ್ತಕಣಗಳಲ್ಲಿ ಒಂದು ಬಗೆಯಾದ ಲಿಂಫೊಸೈಟ್ ಎಂಬ ಸಾಲಿಗೆ ಪೆನ್ನಿನಲ್ಲಿ ಸುತ್ತು ಹಾಕಿರುತ್ತದೆ. “ಡಾಕ್ಟ್ರೇ, ಇದು ಜಾಸ್ತಿ ಇದ್ಯಂತೆ, ಅದು ಕಮ್ಮಿ ಇದ್ಯಂತೆ. ಇಮ್ಯುನಿಟಿಗೆ ಏನಾದ್ರೂ ಟಾನಿಕ್ ಬರ್ಕೊಡಿ.” ಘಟ್ಟ ಹತ್ತಿ ಶಿರಸಿಗೆ ಹೋದರೆ “ಮಾಣಿಗೆ ಶಕ್ತಿಯೇ ಇಲ್ಲೆ” ಎನ್ನುತ್ತಾರೆ. ಮಾತು ಬೇರೆ, ವರದಿ ಅದೇ.

ಅಂಥ ಒಂದು ವರದಿಯನ್ನು ಇಲ್ಲಿಯೇ ಬಿಡಿಸಿ ನೋಡೋಣ. ಎರಡು ವರ್ಷದ ಗಂಡುಮಗು. ಒಂದು ಮೈಕ್ರೊಲೀಟರ್ ರಕ್ತದಲ್ಲಿ ಒಟ್ಟು ಬಿಳಿ ರಕ್ತಕಣ 9,400. ಲಿಂಫೊಸೈಟ್ ಶೇ 58, ಪಕ್ಕದಲ್ಲಿ ದಪ್ಪಕ್ಷರದ ‘ಎಚ್’, ಅಂದರೆ ಹೆಚ್ಚು. ಇನ್ನೊಂದು ಬಗೆಯ ಬಿಳಿ ಕಣ ನ್ಯೂಟ್ರೊಫಿಲ್ ಶೇ 32, ಪಕ್ಕದಲ್ಲಿ ‘ಎಲ್’, ಅಂದರೆ ಕಡಿಮೆ. ಬಲಗಡೆಯ ಕಾಲಂನಲ್ಲಿ ಸಾಮಾನ್ಯ ಮಟ್ಟ ಎಂದು ಮುದ್ರಿಸಿರುವುದು ಲಿಂಫೊಸೈಟಿಗೆ 20ರಿಂದ 40, ನ್ಯೂಟ್ರೊಫಿಲ್‌ಗೆ 40ರಿಂದ 75. ಈ ಮಟ್ಟ ಮೂವತ್ತು ವರ್ಷದ ಅಪ್ಪನದು, ಮಗುವಿನದಲ್ಲ. ಎಣಿಸುವ ಯಂತ್ರಕ್ಕೆ ಮಕ್ಕಳ ಅಳತೆಯನ್ನು ಬೇರೆಯಾಗಿ ತುಂಬಿಸಿರದಿದ್ದರೆ, ಬಂದ ರಕ್ತವನ್ನೆಲ್ಲ ಅದು ದೊಡ್ಡವರ ಅಳತೆಗೇ ಹಿಡಿದು ‘ಎಚ್’, ‘ಎಲ್’ ಹಾಕುತ್ತದೆ. ಎರಡು ವರ್ಷದ ಮಗುವಿಗೆ ಲಿಂಫೊಸೈಟ್ ಶೇ 58 ಇರಬೇಕಾದಷ್ಟೇ ಇದೆ.

ಹೀಗೇಕೆ ಎಂದು ಕೇಳಬೇಕು. ಹುಟ್ಟಿದ ದಿನ ಮಗುವಿನ ರಕ್ತದಲ್ಲಿ ನ್ಯೂಟ್ರೊಫಿಲ್‌ಗಳೇ ಹೆಚ್ಚು. ಮೊದಲ ವಾರದಲ್ಲೇ ಲೆಕ್ಕ ತಿರುಗಿ ಲಿಂಫೊಸೈಟ್‌ಗಳು ಮೇಲುಗೈಯಾಗುತ್ತವೆ. ನಾಲ್ಕರಿಂದ ಆರು ವರ್ಷದ ಹೊತ್ತಿಗೆ ಎರಡೂ ಮತ್ತೆ ಸಮಸಮವಾಗಿ, ಆಮೇಲೆ ದೊಡ್ಡವರ ಕ್ರಮಕ್ಕೆ ಬರುತ್ತವೆ. ನಡುವಿನ ಆ ಐದಾರು ವರ್ಷ ಮಗುವಿನ ದೇಹ ಕಂಡರಿಯದ ಸೂಕ್ಷ್ಮಾಣುಗಳನ್ನು ಒಂದೊಂದಾಗಿ ಪರಿಚಯ ಮಾಡಿಕೊಳ್ಳುತ್ತದೆ. ಪರಿಚಯ ಮಾಡಿಕೊಂಡು ನೆನಪಿಟ್ಟುಕೊಳ್ಳುವುದು ಲಿಂಫೊಸೈಟ್‌ಗಳ ಕೆಲಸ. ಅವುಗಳಲ್ಲಿ ಟಿ ಕಣಗಳು ಪಳಗುವುದು ಎದೆಗೂಡಿನೊಳಗಿನ ಥೈಮಸ್ ಗ್ರಂಥಿಯಲ್ಲಿ. ಶಿಶುವಿನಲ್ಲಿ ಈ ಗ್ರಂಥಿ ಎಷ್ಟು ದೊಡ್ಡದೆಂದರೆ ಎಕ್ಸ್‌ರೇಯಲ್ಲಿ ದೋಣಿಯ ಹಾಯಿಯಂತೆ ಹೃದಯದ ಪಕ್ಕ ಚಾಚಿಕೊಂಡಿರುತ್ತದೆ. ಅದನ್ನು ಕಂಡು ‘ಹೃದಯ ದೊಡ್ಡದಾಗಿದೆ’ ಎಂದು ಹೆದರಿದವರೂ ಇದ್ದಾರೆ. ಪ್ರಾಯ ಬಂದ ಮೇಲೆ ಅದು ಕುಗ್ಗುತ್ತ ಹೋಗಿ ಕೊಬ್ಬಿಗೆ ಎಡೆ ಬಿಡುತ್ತದೆ.

ಹಾಗಾಗಿ ವರದಿ ಕೈಗೆ ಬಂದಾಗ ಶೇಕಡಾವಾರನ್ನು ಬದಿಗಿಟ್ಟು ಗುಣಿಸಿ ನೋಡಿ. 9,400ರಲ್ಲಿ ಶೇ 58 ಎಂದರೆ 5,452 ಲಿಂಫೊಸೈಟ್. ಶೇ 32 ಎಂದರೆ 3,008 ನ್ಯೂಟ್ರೊಫಿಲ್. ಎರಡೂ ಈ ವಯಸ್ಸಿಗೆ ಸರಿಯೇ. ನ್ಯೂಟ್ರೊಫಿಲ್ ಎಣಿಕೆ 1,500ಕ್ಕಿಂತ ಕೆಳಗಿಳಿದರೆ ಗಮನ ಕೊಡಬೇಕು, 500ಕ್ಕಿಂತ ಕೆಳಗೆ ಹೋದರೆ ಅಂದೇ ಆಸ್ಪತ್ರೆ ಸೇರಬೇಕು. ಈ ಮಗುವಿಗೆ ಎರಡೂ ಬೇಡ, ಟಾನಿಕ್ಕೂ ಬೇಡ.

ಸುಮ್ಮನೆ ಹೆದರಿಸುವುದಷ್ಟೇ ಆಗಿದ್ದರೆ ಇಷ್ಟು ಬರೆಯುವ ಅಗತ್ಯವಿರಲಿಲ್ಲ. ದೊಡ್ಡವರ ಅಳತೆ ಹೆದರಬೇಕಾದಲ್ಲಿ ಸುಮ್ಮನಿದ್ದುಬಿಡುತ್ತದೆ. ಐದು ತಿಂಗಳ ಕೂಸು, ಒಟ್ಟು ಕಣ 8,000, ಲಿಂಫೊಸೈಟ್ ಶೇ 22 ಎಂದಿಟ್ಟುಕೊಳ್ಳಿ. ಯಂತ್ರ ‘ಎಚ್’ ಹಾಕುವುದಿಲ್ಲ, ‘ಎಲ್’ ಹಾಕುವುದಿಲ್ಲ. ಎಲ್ಲ ನಾರ್ಮಲ್ ಎಂದು ಮನೆಯವರು ನಿಟ್ಟುಸಿರು ಬಿಡುತ್ತಾರೆ. ಗುಣಿಸಿ: 1,760. ದೊಡ್ಡವರಿಗೆ ಇದು ಧಾರಾಳ. ಆದರೆ ಆರು ತಿಂಗಳೊಳಗಿನ ಕೂಸಿನಲ್ಲಿ 3,000ಕ್ಕಿಂತ ಕಡಿಮೆ ಇದ್ದರೆ ಹುಟ್ಟಿನಿಂದಲೇ ರೋಗನಿರೋಧಕ ವ್ಯವಸ್ಥೆ ರೂಪುಗೊಳ್ಳದ ಗಂಭೀರ ಕಾಯಿಲೆಯೊಂದನ್ನು ಅನುಮಾನಿಸಲೇಬೇಕು. ವೈರಸ್ ಜ್ವರದಲ್ಲಿ, ಸ್ಟೀರಾಯ್ಡ್ ಕೊಟ್ಟಾಗ ತಾತ್ಕಾಲಿಕವಾಗಿಯೂ ಇಳಿಯುತ್ತದೆ ನಿಜ; ಅದಕ್ಕೇ ಬೇಗನೆ ಇನ್ನೊಮ್ಮೆ ಎಣಿಸುವುದು. ಮತ್ತೆಯೂ ಕಡಿಮೆ ಬಂದರೆ ಫ್ಲೋ ಸೈಟೊಮೆಟ್ರಿ ಎಂಬ ಪರೀಕ್ಷೆಯಲ್ಲಿ ಟಿ, ಬಿ, ಎನ್‌ಕೆ ಎಂದು ಲಿಂಫೊಸೈಟ್ ಬಗೆಗಳನ್ನು ಬೇರೆ ಬೇರೆ ಎಣಿಸಬೇಕು. ಅಲ್ಲಿಯವರೆಗೆ ರೋಟಾ ಮತ್ತು ಬಾಯಿಯ ಪೋಲಿಯೊ ಹನಿಯಂಥ ಜೀವಂತ ಲಸಿಕೆ ತಡೆಹಿಡಿಯಬೇಕು. ರಕ್ತ ಏರಿಸಬೇಕಾದರೆ ವಿಕಿರಣಕ್ಕೆ ಒಡ್ಡಿದ ರಕ್ತವೇ ಆಗಬೇಕು. ಇದಕ್ಕೆ ಚಿಕಿತ್ಸೆ ಅಸ್ಥಿಮಜ್ಜೆ ಕಸಿ, ಅದೂ ಮೂರೂವರೆ ತಿಂಗಳೊಳಗೆ ಆದರೆ ಬದುಕುವ ಅವಕಾಶ ಅತಿ ಹೆಚ್ಚು. ನಮ್ಮ ದೇಶದಲ್ಲಿ ಹುಟ್ಟಿದ ಪ್ರತಿ ಕೂಸಿಗೂ ಇದರ ತಪಾಸಣೆ ಇಲ್ಲ. ಆದ್ದರಿಂದ ಹತ್ತಿರದ ಪಟ್ಟಣದ ಲ್ಯಾಬಿನ ಸಾದಾ ಸಿಬಿಸಿಯೇ (ರಕ್ತಕಣಗಳ ಎಣಿಕೆ) ಮೊದಲ ಎಚ್ಚರಿಕೆ, ಅದನ್ನು ಓದುವವರು ವಯಸ್ಸು ನೋಡಿದರೆ ಮಾತ್ರ.

ಇಂಥ ಅನುಮಾನ ಬಂದಾಗ ನಾವು ವೈದ್ಯರು ಮನೆಯವರಿಗೆ ಕೆಲವು ಪ್ರಶ್ನೆ ಕೇಳುತ್ತೇವೆ, ಕೆಲವರು ಬೇಸರ ಮಾಡಿಕೊಳ್ಳುತ್ತಾರೆ. ಗಂಡ–ಹೆಂಡತಿ ಸೋದರಿಕೆಯವರೇ? ತಾಯಿಯ ಅಣ್ಣತಮ್ಮಂದಿರಲ್ಲಿ ಶಿಶುವಾಗಿದ್ದಾಗಲೇ ಹೋದವರಿದ್ದಾರೆಯೇ? ಬಿಸಿಜಿ ಹಾಕಿದ ಜಾಗ ತಿಂಗಳುಗಟ್ಟಲೆ ಕೀವಾಗಿತ್ತೇ, ಕಂಕುಳಲ್ಲಿ ಗಂಟು ಬಂದಿತ್ತೇ? ಹೊಕ್ಕುಳಬಳ್ಳಿ ತಿಂಗಳಾದರೂ ಬಿದ್ದಿರಲಿಲ್ಲವೇ? ಒಂದೊಂದು ಪ್ರಶ್ನೆಯ ಹಿಂದೆಯೂ ಒಂದೊಂದು ಕಾಯಿಲೆ ಇದೆ. ಅಜ್ಜಿಯನ್ನು ಜೊತೆಗೆ ಕರೆತಂದರೆ ಒಳ್ಳೆಯದು. ಎಳವೆಯಲ್ಲೇ ತೀರಿಕೊಂಡ ಮಗುವಿನ ವಿಷಯ ತಾಯಿಗೆ ಗೊತ್ತಿರುವುದಿಲ್ಲ, ಅಜ್ಜಿಗೆ ಮರೆತಿರುವುದಿಲ್ಲ.

ಸೋಂಕಿನ ವಿರುದ್ಧ ದೇಹ ತಯಾರಿಸುವ ಪ್ರತಿಕಾಯಗಳ ಲೆಕ್ಕದಲ್ಲೂ ಇದೇ ತಪ್ಪು. ‘ಇಮ್ಯುನಿಟಿ ಪ್ರೊಫೈಲ್’ ಎಂದು ಬರುವ ಪ್ಯಾಕೇಜಿನಲ್ಲಿ ಐಜಿಜಿ, ಐಜಿಎ, ಐಜಿಎಂ ಎಂಬ ಪ್ರತಿಕಾಯದ ಬಗೆಗಳು ಇರುತ್ತವೆ. ನಾಲ್ಕು ತಿಂಗಳ ಕೂಸಿನ ಐಜಿಜಿ ಡೆಸಿಲೀಟರಿಗೆ 320 ಮಿಲಿಗ್ರಾಂ ಎಂದು ಬಂತು, ಪಕ್ಕದಲ್ಲಿ 700–1,600 ಎಂಬ ಅಳತೆ, ಮನೆಯಲ್ಲಿ ಅಳು. ಆದರೆ ತುಂಬು ತಿಂಗಳ ಕೂಸಿನ ಮೈಯಲ್ಲಿ ಹುಟ್ಟುವಾಗ ಇರುವ ಐಜಿಜಿ ಬಹುತೇಕ ಎಲ್ಲವೂ ಅಮ್ಮ ಕೊಟ್ಟದ್ದು, ಮಾಸಿನ ಮೂಲಕ ಬಂದದ್ದು, ಹೆಚ್ಚಿನ ಪಾಲು ಕೊನೆಯ ಮೂರು ತಿಂಗಳಲ್ಲಿ. ಸುಮಾರು ಮೂರು ವಾರಕ್ಕೊಮ್ಮೆ ಅದು ಅರ್ಧವಾಗುತ್ತ ಹೋಗುತ್ತದೆ. ಮಗುವಿನದೇ ಉತ್ಪಾದನೆ ನಿಧಾನವಾಗಿ ಏರುತ್ತದೆ. ಅಮ್ಮನದು ಮುಗಿಯುತ್ತ ಬಂದು ತನ್ನದು ಇನ್ನೂ ಸಾಲದ ಕಾಲ ಮೂರರಿಂದ ಆರು ತಿಂಗಳು. ಆಗ 320 ಇರುವುದು ಸಹಜ. ತಿಂಗಳು ತುಂಬದೆ ಹುಟ್ಟಿದ ಕೂಸಿಗೆ ಈ ಗಂಟು ಮೊದಲೇ ಚಿಕ್ಕದು. ಅದರ ಇಳಿತ ಬೇಗ, ಆಳ. ಐಜಿಎಂ ಒಂದೆರಡು ವರ್ಷದಲ್ಲಿ ದೊಡ್ಡವರ ಮಟ್ಟ ಮುಟ್ಟುತ್ತದೆ, ಐಜಿಎ ಹದಿಹರೆಯದವರೆಗೂ ಏರುತ್ತಲೇ ಇರುತ್ತದೆ. ಎದೆಹಾಲಿನಲ್ಲಿ ಐಜಿಎ ಹೇರಳವಾಗಿದ್ದರೂ ಅದು ಕರುಳಿನ ಒಳಗೋಡೆಯಲ್ಲಿ ಕಾವಲು ಕಾಯುತ್ತದೆ, ರಕ್ತಕ್ಕೆ ಇಳಿಯುವುದಿಲ್ಲ. ಆದ್ದರಿಂದ ಎದೆಹಾಲು ಸಾಲದೆ ಐಜಿಎ ಕಮ್ಮಿಯಾಯಿತೆಂದು ಯಾವ ತಾಯಿಯನ್ನೂ ದೂರಬೇಡಿ. ಬಜೆ ತೇಯ್ದು ಜೇನಿನಲ್ಲಿ ನೆಕ್ಕಿಸುವುದನ್ನೂ ಒಂದು ವರ್ಷದವರೆಗೆ ಬಿಡಿ. ಜೇನಿನಲ್ಲಿರಬಹುದಾದ ಬೊಟುಲಿಸಂ ಬೀಜಾಣು ಶಿಶುವಿನ ಕರುಳಲ್ಲಿ ಮೊಳೆಯಬಲ್ಲದು, ನಮ್ಮ ಕಾಡಿನ ಜೇನಾದರೂ ಅಷ್ಟೆ.

ಅಮ್ಮನ ಈ ಬಳುವಳಿ ಪರೀಕ್ಷೆಯನ್ನೂ ದಾರಿ ತಪ್ಪಿಸುತ್ತದೆ. ಎಚ್‌ಐವಿ ಇರುವ ತಾಯಿಯ ಕೂಸಿಗೆ ಪ್ರತಿಕಾಯ ಪರೀಕ್ಷೆ ಮಾಡಿದರೆ ಪಾಸಿಟಿವ್ ಬರಬಹುದು. ಅದು ತಾಯಿಯ ಪ್ರತಿಕಾಯ. ಹದಿನೆಂಟು ತಿಂಗಳವರೆಗೆ ಆ ಫಲಿತಾಂಶ ನಂಬುವಂತಿಲ್ಲ. ಆರು ವಾರಕ್ಕೆ ಮಾಡುವ, ವೈರಸ್ಸನ್ನೇ ಹುಡುಕುವ ಪಿಸಿಆರ್ ಪರೀಕ್ಷೆಯೇ ಬೇಕು. ಎಚ್‌ಐವಿ ಹಾಳುಮಾಡುವ ಟಿ ಕಣಗಳ ಎಣಿಕೆ, ಅಂದರೆ ಸಿಡಿ4 ಎಣಿಕೆಯೂ ವಯಸ್ಸಿನ ಮೇಲೆ ನಿಂತಿದೆ. 1,500ಕ್ಕಿಂತ ಮೇಲಿದ್ದರೆ ವರ್ಷದೊಳಗಿನ ಕೂಸಿಗೆ ಸರಿ, ಒಂದರಿಂದ ಐದು ವರ್ಷಕ್ಕೆ 1,000, ಆಮೇಲೆ 500. ದಡಾರ–ರುಬೆಲ್ಲಾ ಲಸಿಕೆ ಒಂಬತ್ತು ತಿಂಗಳವರೆಗೆ ಕಾಯುವುದಕ್ಕೂ ಇದೇ ಕಾರಣ: ಅದಕ್ಕೂ ಮೊದಲು ಕೊಟ್ಟರೆ ಅಮ್ಮನ ಪ್ರತಿಕಾಯ ಲಸಿಕೆಯ ವೈರಸ್ಸನ್ನು ಅಡಗಿಸಿಬಿಡಬಹುದು.

ಹಾಗಾದರೆ ಪದೇ ಪದೇ ಶೀತ ಆಗುವುದು? ಶಾಲೆಗೆ ಹೊಸದಾಗಿ ಹೋಗುವ ಆರೋಗ್ಯವಂತ ಮಗುವಿಗೆ ವರ್ಷಕ್ಕೆ ಆರೆಂಟು ಸಲ ನೆಗಡಿ–ಕೆಮ್ಮು ಬರುವುದು ಸಾಮಾನ್ಯ. ಒಂದೊಂದೂ ಹತ್ತು ಹನ್ನೆರಡು ದಿನ ಎಳೆಯುತ್ತದೆ. ನಮ್ಮ ಕಡೆ ಅವುಗಳಲ್ಲಿ ಹೆಚ್ಚಿನವು ಮಳೆಗಾಲದ ನಾಲ್ಕು ತಿಂಗಳಲ್ಲೇ ಒಟ್ಟಾಗಿ ಬರುತ್ತವೆ; ಜಗಲಿಯಲ್ಲಿ ಬಟ್ಟೆ ಒಣಗುವುದಿಲ್ಲ, ಮಕ್ಕಳೆಲ್ಲ ಒಂದೇ ಕೋಣೆಯಲ್ಲಿ. ‘ತಿಂಗಳಿಡೀ ಕೆಮ್ಮು’ ಎಂದು ತಾಯಿಗೆ ಅನಿಸುವುದು ಸುಳ್ಳಲ್ಲ. ಅದು ಎರಡು ಮೂರು ಸೋಂಕು ಒಂದರ ಬಾಲಕ್ಕೆ ಒಂದು ಜೋತುಕೊಂಡದ್ದು. ನಡುವೆ ಮಗು ಆಡುತ್ತದೆಯೇ, ಅನ್ನ ತಿನ್ನುತ್ತದೆಯೇ, ತಾಯಿ ಕಾರ್ಡಿನಲ್ಲಿ ತೂಕದ ಗೆರೆ ಏರುತ್ತಿದೆಯೇ ಎಂಬುದನ್ನು ನೋಡಿ. ಆ ಗೆರೆ ಎಷ್ಟೋ ದುಬಾರಿ ಪರೀಕ್ಷೆಗಿಂತ ಮೇಲು. ಚಿಂತೆ ಮಾಡಬೇಕಾದ್ದು ಬೇರೆ: ವರ್ಷದಲ್ಲಿ ಎರಡು ಸಲ ನ್ಯುಮೋನಿಯಾ, ನಾಲ್ಕು ಸಲ ಕಿವಿ ಸೋರಿಕೆ, ಎರಡು ತಿಂಗಳು ಆಂಟಿಬಯೋಟಿಕ್ ಕೊಟ್ಟರೂ ಗುಣವಾಗದಿರುವುದು, ಒಳಅಂಗಗಳಲ್ಲಿ ಕೀವು, ವರ್ಷ ದಾಟಿದ ಮೇಲೂ ಬಾಯಲ್ಲಿ ಬಿಡದ ಬಿಳಿ ಅಗ್ರ, ತೂಕ ಏರದಿರುವುದು. ಇವುಗಳಲ್ಲಿ ಎರಡು ಕೂಡಿಬಂದರೆ ತಡಮಾಡಬೇಡಿ.

ಗರ್ಭಿಣಿಯರ ವರದಿಯ ಬಗ್ಗೆ ಒಂದೇ ಮಾತು. ತುಂಬು ತಿಂಗಳಲ್ಲಿ ಬಿಳಿ ಕಣ 14,000 ಇದ್ದರೆ ಅದೊಂದನ್ನೇ ಹಿಡಿದು ಸೋಂಕು ಎನ್ನಬೇಡಿ. ಹೆರಿಗೆ ನೋವಿನಲ್ಲಿ ಅದು 20,000 ದಾಟುವುದೂ ಉಂಟು.

ವಯಸ್ಸಾದವರಲ್ಲಿ ತಪ್ಪು ತಿರುಗುಮುರುಗಾಗುತ್ತದೆ. ಎಪ್ಪತ್ತೆಂಟರ ಅಜ್ಜಿ ಎರಡು ದಿನದಿಂದ ಗಂಜಿ ಮುಟ್ಟಿಲ್ಲ, ನಿನ್ನೆ ರಾತ್ರಿ ಮಗನನ್ನು ತೀರಿಹೋದ ಗಂಡನ ಹೆಸರು ಹಿಡಿದು ಕರೆದರು. ಥರ್ಮಾಮೀಟರಿನಲ್ಲಿ 99.2. ಬಿಳಿ ಕಣ 9,000. “ಜ್ವರ ಇಲ್ಲ, ಕೌಂಟ್ ಸರಿ ಇದೆ, ವಯಸ್ಸಿನ ಅರಳುಮರುಳು” ಎಂದು ಮನೆಯವರು ತೀರ್ಮಾನಿಸಿರುತ್ತಾರೆ. ಆದರೆ ಅದೇ ವರದಿಯಲ್ಲಿ ನ್ಯೂಟ್ರೊಫಿಲ್ ಶೇ 88. ಪರೀಕ್ಷಿಸಿ ನೋಡಿದರೆ ನಿಮಿಷಕ್ಕೆ ಉಸಿರು 28, ಬಲ ಶ್ವಾಸಕೋಶದ ಬುಡದಲ್ಲಿ ನ್ಯುಮೋನಿಯಾ. ಮುಪ್ಪಿನಲ್ಲಿ ಮೈ ಜ್ವರ ಏರಿಸುವುದನ್ನೇ ಕಡಿಮೆ ಮಾಡುತ್ತದೆ, ಕಣಗಳ ಪಡೆ ನಿಧಾನ ಹೊರಡುತ್ತದೆ. ಅವರ ನಿತ್ಯದ ತಾಪ 97 ಇದ್ದರೆ 99 ಎಂಬುದೇ ಜ್ವರ. ಆದ್ದರಿಂದ ಅಜ್ಜ–ಅಜ್ಜಿ ಚೆನ್ನಾಗಿದ್ದಾಗಲೇ ಮೂರು ದಿನ ತಾಪ ನೋಡಿ ಬರೆದಿಡಿ. ಅದಕ್ಕಿಂತ 2 ಡಿಗ್ರಿ ಫ್ಯಾರನ್‌ಹೀಟ್ ಏರಿದರೆ ಜ್ವರವೆಂದೇ ತಿಳಿಯಿರಿ. ಹಠಾತ್ ಗೊಂದಲ, ಬೀಳುವುದು, ಊಟ ಬಿಡುವುದು ಇವೂ ಸೋಂಕಿನ ಲಕ್ಷಣಗಳೇ. ಸಕ್ಕರೆ ಕಾಯಿಲೆ ಇದ್ದರೆ ಇನ್ನೂ ಎಚ್ಚರ. ಕ್ಷಯಕ್ಕೆ ಮಾಡುವ ಮಾಂಟೂ ಚುಚ್ಚುಮದ್ದೂ ವಯಸ್ಸಾದವರಲ್ಲಿ ಮೋಸ ಮಾಡಬಹುದು. ಹಳೆಯ ನೆನಪು ಮಸುಕಾಗಿ ಮೊದಲ ಸಲ ಏನೂ ಉಬ್ಬುವುದಿಲ್ಲ. ಒಂದರಿಂದ ಮೂರು ವಾರ ಬಿಟ್ಟು ಮತ್ತೆ ಚುಚ್ಚಿದರೆ ಉಬ್ಬಬಹುದು.

ರೋಗಿಗೆ ಇರುವಂತೆ ಜ್ವರಕ್ಕೂ ಒಂದು ವಯಸ್ಸಿದೆ. ಸೊಪ್ಪಿನ ಬೆಟ್ಟಕ್ಕೆ ದರಕು (ಒಣ ಎಲೆ) ತರಲು ಹೋಗಿ ಉಣುಗು ಕಚ್ಚಿಸಿಕೊಂಡು ಬಂದವರಿಗೆ ಎರಡನೇ ದಿನವೇ ಮಂಗನ ಕಾಯಿಲೆಯ ಐಜಿಎಂ ಪರೀಕ್ಷೆ ಮಾಡಿ ‘ಇಲ್ಲ’ ಎಂದರೆ ಅದು ಉತ್ತರವಲ್ಲ. ಪ್ರತಿಕಾಯ ಹುಟ್ಟಲು ದಿನ ಬೇಕು. ಮೊದಲ ದಿನಗಳಲ್ಲಿ ಪಿಸಿಆರ್, ಆಮೇಲೆ ಐಜಿಎಂ. ಗಜನಿ ಗದ್ದೆಯಲ್ಲಿ ದುಡಿದವರ ಇಲಿಜ್ವರಕ್ಕೂ ಐಜಿಎಂ ಕಾಣುವುದು ಸುಮಾರು ಒಂದು ವಾರದ ಹೊತ್ತಿಗೆ. ಡೆಂಗಿಗೆ ಮೊದಲ ಐದು ದಿನ, ವೈರಸ್ಸಿನದೇ ಪ್ರೋಟೀನ್ ಹುಡುಕುವ ಎನ್‌ಎಸ್1 ಪರೀಕ್ಷೆ. ಜ್ವರ ಶುರುವಾದ ತಾರೀಖನ್ನು ಚೀಟಿಯಲ್ಲಿ ಬರೆಸದೆ ರಕ್ತ ಕೊಡಬೇಡಿ.

ಕೊನೆಗೆ, ದೊಡ್ಡ ಪರೀಕ್ಷೆಗೆ ಬರೆದುಕೊಟ್ಟವರಿಗಾಗಿ. ಮಾದರಿ ಮಣಿಪಾಲಕ್ಕೋ ಮುಂಬೈಯ ರಾಷ್ಟ್ರೀಯ ಇಮ್ಯುನೊಹೆಮಟಾಲಜಿ ಸಂಸ್ಥೆಗೋ ಹೋಗುತ್ತದೆ, ಕೆಡುವುದು ದಾರಿಯಲ್ಲಿ. ಫ್ಲೋ ಸೈಟೊಮೆಟ್ರಿಗೆ ನೇರಳೆ ಮುಚ್ಚಳದ ಕೊಳವೆ. ಸೂಕ್ಷ್ಮಾಣುಗಳನ್ನು ಕೊಲ್ಲುವ ನ್ಯೂಟ್ರೊಫಿಲ್‌ಗಳ ಶಕ್ತಿ ಅಳೆಯುವ ಡಿಎಚ್‌ಆರ್ ಪರೀಕ್ಷೆಗೆ ಹಸಿರು ಮುಚ್ಚಳದ ಕೊಳವೆ, ಜೊತೆಗೆ ಅದೇ ದಿನ ತೆಗೆದ ಆರೋಗ್ಯವಂತರೊಬ್ಬರ ರಕ್ತ. ಎರಡನ್ನೂ ಮೀನಿನ ಹಾಗೆ ಐಸಿನಲ್ಲಿ ಹೂಳಬೇಡಿ. ಕೋಣೆಯ ತಾಪದಲ್ಲೇ, ಬಿಸಿಲು ತಾಗದಂತೆ, 24 ಗಂಟೆಯೊಳಗೆ ಮುಟ್ಟಬೇಕು. ರಕ್ತದಲ್ಲಿನ ರಕ್ಷಣಾ ಪ್ರೋಟೀನ್‌ಗಳಾದ ಕಾಂಪ್ಲಿಮೆಂಟಿನ ಸಿಎಚ್50 ಪರೀಕ್ಷೆಗೆ ಇದಕ್ಕೆ ತದ್ವಿರುದ್ಧ: ಸೀರಂ ಬೇರ್ಪಡಿಸಿದ ಕೂಡಲೇ ಹೆಪ್ಪುಗಟ್ಟಿಸಿ ಒಣ ಐಸಿನಲ್ಲಿ ಕಳಿಸಬೇಕು, ಇಲ್ಲವಾದರೆ ಆರೋಗ್ಯವಂತರಿಗೂ ಸೊನ್ನೆ ಬರಬಹುದು. ದಾನಿಗಳ ಪ್ರತಿಕಾಯವಾದ ಇಮ್ಯುನೊಗ್ಲೋಬ್ಯುಲಿನ್ ಡ್ರಿಪ್ ಹಾಕುವುದಿದ್ದರೆ ಅದಕ್ಕೂ ಮೊದಲೇ ರಕ್ತ ತೆಗೆಯಿರಿ. ಹಾಕಿದ ಮೇಲೆ ಅಳೆದ ಐಜಿಜಿ ದಾನಿಗಳದು. ಲಸಿಕೆಗೆ ಮೈ ಸ್ಪಂದಿಸುತ್ತದೆಯೇ ಎಂದು ನೋಡುವವರು ಲಸಿಕೆಗೆ ಮೊದಲು ಒಂದು, ನಾಲ್ಕರಿಂದ ಆರು ವಾರದ ಮೇಲೆ ಇನ್ನೊಂದು ಮಾದರಿ ಕೊಡಬೇಕು. ಶನಿವಾರ ರಕ್ತ ತೆಗೆಸಬೇಡಿ, ಭಾನುವಾರ ಅದು ಕೊರಿಯರ್ ಕಚೇರಿಯ ಕಪಾಟಿನಲ್ಲಿ ಕೂತಿರುತ್ತದೆ. ಸೋಮವಾರ ಅಥವಾ ಮಂಗಳವಾರ ಬೆಳಿಗ್ಗೆ ತೆಗೆಸಿ, ಚೀಟಿಯ ಮೇಲೆ ಮಗುವಿನ ವಯಸ್ಸನ್ನು ವರ್ಷದಲ್ಲಲ್ಲ, ತಿಂಗಳು–ದಿನದಲ್ಲಿ ಬರೆಸಿ.